ಜನಪದ ಗೀತವೂ ಹೆವಿ ಮೆಟಲ್ ಸಂಗೀತವೂ: ಕರೇಲಿಯದ ಒಂದು ನಿದರ್ಶನ

ಜನಪದ ಗೀತವು ಹಳ್ಳಿಯ ಅಂಗಳದಲ್ಲಿ ಹೇಗೆ ಹುಟ್ಟಿತೋ ಹಾಗೆಯೇ ಉಳಿಯಬೇಕೆಂಬ ಅಭಿಪ್ರಾಯ ನಮ್ಮ ವಿದ್ವಾಂಸರಲ್ಲಿ ಬಲವಾಗಿದೆ. ಅದನ್ನು ವಿದ್ಯುತ್ ಗಿಟಾರಿನ ಕರ್ಕಶ ನಾದದೊಡನೆ ಬೆರೆಸಿದರೆಂದು ಕೇಳಿದೊಡನೆ ಹುಬ್ಬು ಗಂಟಿಕ್ಕುವವರೇ ಹೆಚ್ಚು. ಇಂಥ ಬೆರಕೆಯಲ್ಲಿ ಕೆಡುವುದು ಯಾವುದು, ಉಳಿಯುವುದು ಯಾವುದು ಎಂಬುದನ್ನು ವಿಚಾರಿಸಲು ಯುರೋಪಿನ ಉತ್ತರದ ಒಂದು ಗಡಿನಾಡಿನ ಕಥೆಯನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಗಡಿನಾಡಿನ ಉಪಾಧ್ಯಾಯರಾದ ನಮಗೆ ಅದು ತೀರ ಪರಕೀಯವೆನಿಸದು.

ಫಿನ್ಲೆಂಡ್ ದೇಶವು 1809ರಲ್ಲಿ ರಷ್ಯದ ಚಕ್ರವರ್ತಿಯ ಅಧೀನಕ್ಕೆ ಬಂದರೂ ತನ್ನದೇ ಆಡಳಿತವುಳ್ಳ ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಅಲ್ಲಿನ ಕಾಯಾನಿ ಪಟ್ಟಣದ ಜಿಲ್ಲಾ ವೈದ್ಯ ಎಲಿಯಾಸ್ ಲೊನ್ರೋಟ್ ಗಡಿ ದಾಟಿ ರಷ್ಯದ ಕರೇಲಿಯಕ್ಕೆ ಹೋಗಿ ಹಾಡುಗಳನ್ನು ಬರೆದುಕೊಂಡನು. 1834ರಲ್ಲಿ ಲಾತ್ವಯಾರ್ವಿ ಎಂಬ ಹಳ್ಳಿಯ ಮುದುಕ ಅರ್ಹಿಪ್ಪ ಪೆರ್ಟ್ಟುನೆನ್ ಕೆಲವೇ ದಿನಗಳಲ್ಲಿ ಅವನಿಗೆ ಹಾಡಿ ಬರೆಸಿದುದು ಸುಮಾರು 4,000 ಸಾಲು! ಮರುವರ್ಷವೇ 'ಕಾಲೆವಾಲ' ಕಾವ್ಯ ಅಚ್ಚಿಗೆ ಹೋಯಿತು. 1849ರ ವಿಸ್ತೃತ ಆವೃತ್ತಿಯಲ್ಲಿ 50 ಹಾಡುಗಳೂ 22,795 ಸಾಲುಗಳೂ ಇವೆ. ಹಲವರು ಹಾಡಿದುದನ್ನು ಕತ್ತರಿಸಿ, ಜೋಡಿಸಿ, ನಡುನಡುವೆ ತನ್ನ ಸಾಲುಗಳನ್ನೂ ಸೇರಿಸಿ ಲೊನ್ರೋಟ್ ಒಂದು ಕಥೆಯನ್ನು ಕಟ್ಟಿದನು. ಮೊದಲ ಬೆರಕೆ ನಡೆದುದು ಇಲ್ಲಿಯೇ. ಗಿಟಾರು ಬಂದುದು ಅದಾಗಿ ಒಂದೂವರೆ ಶತಮಾನದ ಮೇಲೆ. ಮೂಲ ಪಾಠಗಳು 1908ರಿಂದ 1948ರವರೆಗೆ 33 ಸಂಪುಟಗಳಲ್ಲಿ ಹೊರಬಂದುವು, ನಿಜ. ಆದರೆ ಲೋಕವು ಓದಿದುದು ಕಾಲೆವಾಲವನ್ನೇ.

ಇನ್ನು ಹೆವಿ ಮೆಟಲ್. ಇದು 1970ರ ಸುಮಾರಿಗೆ ಇಂಗ್ಲೆಂಡಿನಲ್ಲಿ, ಮುಖ್ಯವಾಗಿ ಬರ್ಮಿಂಗ್‌ಹ್ಯಾಮಿನ 'ಬ್ಲ್ಯಾಕ್ ಸಬ್ಬತ್' ತಂಡದಿಂದ ರೂಪುಗೊಂಡಿತು. ಗಿಟಾರಿನ ನಾದವನ್ನು ಬೇಕೆಂದೇ ಒಡಕಾಗಿಸಿ, ಕಿರಿದಾದ ಒಂದು ಸ್ವರಪಂಕ್ತಿಯನ್ನು ಮತ್ತೆ ಮತ್ತೆ ಬಾರಿಸುವುದು ಅದರ ಲಕ್ಷಣ. ನ್ಯೂಕಾಸಲ್ ಊರಿನ 'ಸ್ಕೈಕ್ಲ್ಯಾಡ್' ತಂಡ 1990ರ ದಶಕದ ಆರಂಭದಲ್ಲಿ ಇದಕ್ಕೆ ಪಿಟೀಲನ್ನು ಕೂಡಿಸಿತು. ಹೆಲ್ಸಿಂಕಿಯ 'ಅಮಾರ್ಫಿಸ್' ತಂಡವು 1994ರಲ್ಲಿ ಹೊರಡಿಸಿದ 'ಟೇಲ್ಸ್ ಫ್ರಮ್ ದಿ ಥೌಸಂಡ್ ಲೇಕ್ಸ್' ಎಂಬ ಧ್ವನಿಮುದ್ರಿಕೆಗೆ ಕಾಲೆವಾಲದ ಕಥೆಗಳೇ ವಸ್ತು. ಸೋಜಿಗವೆಂದರೆ, ಅದರ ಸಾಹಿತ್ಯವನ್ನು ಆಯ್ದುದು ಫಿನ್ನಿಷ್ ಮೂಲದಿಂದಲ್ಲ, ಡಬ್ಲ್ಯೂ. ಎಫ್. ಕರ್ಬಿ 1907ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಿಂದ. ಕರೇಲಿಯದ ಮುದುಕನ ಬಾಯಿಂದ ಫಿನ್ನಿಷ್ ಪುಸ್ತಕಕ್ಕೆ, ಅಲ್ಲಿಂದ ಇಂಗ್ಲಿಷಿಗೆ, ತಿರುಗಿ ಫಿನ್ಲೆಂಡಿನ ತರುಣರ ಗಂಟಲಿನ ಗರ್ಜನೆಗೆ! ಕಥೆಯೇನೋ ಉಳಿಯಿತು, ಎಂಟು ಅಕ್ಷರಗಳ ಸಾಲಿನಲ್ಲಿ ಪದಪದದ ಮೊದಲ ಧ್ವನಿ ಒಂದಾಗಿ ಕಿವಿಗೆ ತಾಗುತ್ತಿದ್ದ ಸೊಗಸು ಹೋಯಿತು. ಆದರೂ ಆ ತರುಣರನ್ನು ನಾವು ದೂರಲಾರೆವು. ಶಾಲೆಯ ಪಠ್ಯವಾಗಿ ಕುಳಿತಿದ್ದ ಕಾವ್ಯವನ್ನು ಅವರು ಓರಗೆಯವರ ಕಿವಿಗೆ ಮುಟ್ಟಿಸಿದರು.

ಫಿನ್ಲೆಂಡ್ ಕೊಲ್ಲಿಯ ಆಚೆ ದಡದ ಎಸ್ಟೋನಿಯದಲ್ಲಿ 'ಮೆತ್ಸಾತೊಲ್' ತಂಡ ಹಿಡಿದ ಹಾದಿಯೇ ಬೇರೆ. ಅವರು ಹಾಡುವುದು ಎಸ್ಟೋನಿಯನ್ ಭಾಷೆಯಲ್ಲಿ. ಅಲ್ಲಿಯ ಹಳೆಯ ಹಾಡುಗಳ ಛಂದಸ್ಸು ಕರೇಲಿಯದ ಹಾಡುಗಳಿಗೆ ದಾಯಾದಿ. ನಮ್ಮ ಸೋಬಾನೆಯಲ್ಲಿರುವಂತೆ ಒಬ್ಬರು ಸೊಲ್ಲೆತ್ತಿದರೆ ಉಳಿದವರು ಅದನ್ನೇ ಮರಳಿ ಹಾಡುವರು. ಮರುಕಳಿಸುವ ಈ ಸೊಲ್ಲಿಗೂ ಗಿಟಾರಿನ ಮರುಕಳಿಸುವ ಪಂಕ್ತಿಗೂ ಜಗಳವಿಲ್ಲ. ತೊರುಪಿಲ್ ಎಂಬ ಅಲ್ಲಿಯ ಚೀಲದ ವಾದ್ಯದಲ್ಲಿ ಶ್ರುತಿಯ ಕೊಳವೆ ಬಿಡದೆ ನುಡಿಯುತ್ತಿರುವುದು. ಅದರ ಕೆಳಗೆ ಗಿಟಾರಿನ ತಗ್ಗು ಸ್ವರ ಸಹಜವಾಗಿಯೇ ನಿಲ್ಲುತ್ತದೆ. ಮಾತು ತನ್ನದಾಗಿದ್ದರೆ ವಾದ್ಯ ಎಲ್ಲಿಯದಾದರೂ ಹಾಡು ಕೆಡದೆಂದು ನಾವು ಭಾವಿಸುತ್ತೇವೆ.

ನಮ್ಮನ್ನು ಹೆಚ್ಚು ಕಾಡುವುದು ಅರ್ಹಿಪ್ಪನ ನುಡಿಯ ಗತಿ. ಕಾಲೆವಾಲದಿಂದ ಫಿನ್ನಿಷ್ ಭಾಷೆ ಬೆಳೆದು ಒಂದು ರಾಷ್ಟ್ರದ ಭಾಷೆಯಾಯಿತು. ಹಾಡು ಕೊಟ್ಟ ಕರೇಲಿಯನ್ ನುಡಿಯನ್ನಾಡುವವರು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಿದ್ದಾರೆ. ರಷ್ಯದ ಒಳಗೆ ಕರೇಲಿಯ ಗಣರಾಜ್ಯವೇ ಇದ್ದರೂ ಅಲ್ಲಿ ಆ ನುಡಿಗೆ ರಾಜ್ಯಭಾಷೆಯ ಸ್ಥಾನವಿಲ್ಲ. ಗಣರಾಜ್ಯಗಳ ರಾಜ್ಯಭಾಷೆಗಳು ಸಿರಿಲಿಕ್ ಲಿಪಿಯಲ್ಲಿಯೇ ಇರಬೇಕೆಂದು 2002ರಲ್ಲಿ ಕಾಯಿದೆಯಾಯಿತು. ಕರೇಲಿಯನ್ನಿನ ಬರಹ ನಡೆದಿರುವುದು ರೋಮನ್ ಲಿಪಿಯಲ್ಲಿ.

ಇದೇ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ನಮ್ಮ ಕರಾವಳಿಗೂ ಬಂದರು. ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ತುಳುವಿನಲ್ಲಿ ಹಾಡಿದ ಸಿರಿ ಕಾವ್ಯವನ್ನು 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡರು. ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಸಹಕಾರದಿಂದ 1998ರಲ್ಲಿ ಹೆಲ್ಸಿಂಕಿಯಲ್ಲಿ ಅದು ಪ್ರಕಟವಾಯಿತು. ಅದರಲ್ಲಿ 15,683 ಸಾಲುಗಳಿವೆ. ತುಳು ಮೂಲವೂ ಇಂಗ್ಲಿಷ್ ಅನುವಾದವೂ ಒಟ್ಟಿಗಿವೆ. ಗೋಪಾಲ ನಾಯ್ಕರ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ಇದೆ.