ನೌಬಾದಿನ ಸುರಂಗ ಬಾವಿ ಮತ್ತು ಅಪ್ಪನ ನಾಲ್ಕನೇ ಬೋರು

ಬರೆಯದೆ ತುಂಬ ದಿನ ಆಯ್ತು. ಆಫೀಸಿನ ರಿಲೀಸು, ಅದು ಇದು ಅಂತ ಸಮಯವೇ ಸಿಗಲಿಲ್ಲ. ಈಗ ಬರೆಯೋಕೆ ಕಾರಣ ಅಪ್ಪನ ಒಂದು ಫೋನು. "ಹೊಲದಾಗ ಮೂರನೇ ಬೋರೂ ಕೈ ಕೊಟ್ಟದ. ನಾಲ್ಕನೇದು ಹೊಡಸಬೇಕಂತ ಮಾಡೀನಿ, ಸ್ವಲ್ಪ ರೊಕ್ಕ ಕಳಸು" ಅಂದರು. ಕಳಿಸ್ತೀನಿ ಅಂದೆ. ಆದರೆ ಅವತ್ತಿನಿಂದ ತಲೆಯಲ್ಲಿ ಒಂದು ಹುಳ ಕೊರೀತಾ ಇತ್ತು. ಹಾಗಾಗಿ ಮೊನ್ನೆ ಊರಿಗೆ (ಚಿಟಗುಪ್ಪ, ಬೀದರ್ ಜಿಲ್ಲೆ. ಬೆಂಗಳೂರಿನ ಗೆಳೆಯರಿಗೆ ಎಷ್ಟು ಸಲ ಹೇಳಿದರೂ ಚಿತ್ರದುರ್ಗದ ಹತ್ತಿರಾನಾ ಅಂತ ಕೇಳ್ತಾರೆ!) ಹೋದವನು ಒಂದು ದಿನ ಬಿಡುವು ಮಾಡಿಕೊಂಡು ಬೀದರಿಗೆ ಹೋಗಿ ನೌಬಾದಿನ ಕರೇಜ್ ನೋಡಿಬಂದೆ.

ಕರೇಜ್ ಅಂದರೆ ಸುರಂಗ ಬಾವಿ. ಪರ್ಷಿಯಾದ ತಂತ್ರ, ಅಲ್ಲಿ ಕನಾತ್ ಅಂತಾರೆ. ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ಒಂದು ತಾಯಿ ಬಾವಿ ತೋಡ್ತಾರೆ. ಅಲ್ಲಿಂದ ನೆಲದೊಳಗೇ ಸ್ವಲ್ಪ ಸ್ವಲ್ಪ ಇಳಿಜಾರಾಗಿ ಸುರಂಗ ಕೊರೆದುಕೊಂಡು ಬಂದು, ತಗ್ಗಿನಲ್ಲಿ ಬಾಯಿ ಬಿಡಿಸ್ತಾರೆ. ನಡುನಡುವೆ ಮೇಲಿಂದ ಗಾಳಿಕಿಂಡಿಗಳು. ಅಗೆಯುವಾಗ ಮಣ್ಣು ಎತ್ತೋಕೆ, ಒಳಗೆ ಉಸಿರಾಡೋಕೆ, ಆಮೇಲೆ ಹೂಳು ತೆಗೆಯೋಕೆ, ಎಲ್ಲಕ್ಕೂ ಅವೇ. ನೌಬಾದಿನಲ್ಲಿ ಇಂಥ ಕಿಂಡಿಗಳು ಇಪ್ಪತ್ತಕ್ಕೂ ಹೆಚ್ಚು ಇವೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ನಡೆದುಕೊಂಡು ಬರ್ತದೆ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಆ ಕಾಲದಲ್ಲಿ ಇರಾನಿನಿಂದ ವಿದ್ವಾಂಸರು, ಸೈನಿಕರು, ಕುಶಲಕರ್ಮಿಗಳು ದಂಡಿಯಾಗಿ ಬಂದರು. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನೂ ಇರಾನಿನವನೇ. ಸುರಂಗದ ವಿದ್ಯೆಯೂ ಆ ದಾರಿಯಲ್ಲೇ ಬಂದದ್ದು. ಆದರೆ ವಿದ್ಯೆ ಬಂದರೆ ಸಾಲದು, ನೆಲವೂ ಒಪ್ಪಬೇಕಲ್ಲ? ಬೀದರಿನ ನೆಲ ಒಪ್ಪಿತು. ಮೇಲೆ ಜಂಬಿಟ್ಟಿಗೆ, ಅಂದರೆ ತೂತು ತೂತಿನ ಕೆಂಪು ಕಲ್ಲು. ಮಳೆ ನೀರನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಅದರ ಕೆಳಗೆ ನೀರು ಸುಲಭಕ್ಕೆ ಇಳಿಯದ ಕಪ್ಪು ಬಸಾಲ್ಟ್. ಇಳಿದ ನೀರು ಎರಡರ ನಡುವೆ ನಿಂತು, ದಿಬ್ಬದ ಅಂಚಿನಲ್ಲಿ ಎಲ್ಲಿ ದಾರಿ ಸಿಕ್ಕರೆ ಅಲ್ಲಿ ಒಸರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡಿದವರಿಗೆ, ಗುರುನಾನಕ್ ಝೀರಾದ ನೀರು ಕುಡಿದವರಿಗೆ ಇದು ಗೊತ್ತು. ದೇವರು ಬೇರೆ ಬೇರೆ, ಕಲ್ಲು ಒಂದೇ :-)

ಈಗ ನನ್ನಂಥ ಸಾಫ್ಟ್‌ವೇರ್ ಹುಡುಗನ ತಲೆಗೆ ಹೊಳೆದ ಮಾತು. ನಾವು ಸರ್ವರ್ ಕುಸಿಯದಿರಲಿ ಅಂತ ರೇಟ್ ಲಿಮಿಟ್ ಹಾಕ್ತೀವಲ್ಲ, ಕರೇಜ್‌ನಲ್ಲಿ ಅದು ಹುಟ್ಟಿನಿಂದಲೇ ಇದೆ. ಭೂಮಿ ಎಷ್ಟು ಕೊಡ್ತದೋ ಅಷ್ಟೇ ನೀರು ಸುರಂಗದಲ್ಲಿ ಹರಿಯೋದು. ಮಳೆ ಕಡಿಮೆಯಾದರೆ ಹರಿವೂ ಸಣ್ಣದಾಗ್ತದೆ. ಯಾರೂ ಗುಂಡಿ ಒತ್ತಿ ಹೆಚ್ಚಿಗೆ ಎಳೆಯೋಕೆ ಆಗೋದಿಲ್ಲ. ಬೋರಿಗೆ ಇಂಥ ತಡೆಯೇ ಇಲ್ಲ. ನೀರು ಕೆಳಗಿಳಿದರೆ ಪೈಪು ಇನ್ನೂ ಕೆಳಗಿಳಿಸಿದರಾಯಿತು.

ಹಾಗಾದರೆ ಹಳೆಯದೆಲ್ಲ ಚಿನ್ನ, ಬಿಟ್ಟವರು ಮೂರ್ಖರು ಅಂತ ಬರೆದು ಮುಗಿಸಬಹುದಿತ್ತು. (ಇಂಥ ಲೇಖನಗಳು ಹೆಚ್ಚಾಗಿ ಹಾಗೇ ಮುಗಿಯೋದು.) ಆದರೆ ಮನೆಗೆ ಬಂದು ಇದನ್ನೆಲ್ಲ ಉತ್ಸಾಹದಿಂದ ಹೇಳಿದಾಗ ನಮ್ಮ ಮುತ್ಯಾ ಒಂದೇ ಮಾತಿನಲ್ಲಿ ಗಾಳಿ ತೆಗೆದುಬಿಟ್ಟರು. "ಬಾವಿ ಚಂದ ಇತ್ತು ಖರೆ. ನಾರುಹುಣ್ಣು ಆದಾಗ ಗೊತ್ತಾಗ್ತಿತ್ತು ನಿನಗ."

ಅವರು ಹೇಳಿದ್ದು ಸರಿ. ಮೆಟ್ಟಿಲು ಬಾವಿಗೆ ಜನ ಕಾಲಿಟ್ಟು ಇಳಿಯುತ್ತಿದ್ದರು. ಕಾಲಿನ ಹುಣ್ಣಿನಿಂದ ಹೊರಬಿದ್ದ ನಾರುಹುಳುವಿನ ಮರಿಗಳು ನೀರಿಗೆ ಸೇರಿ, ನೀರಿನ ಸಣ್ಣ ಹುಳುಗಳ ಮೂಲಕ ಅದನ್ನು ಕುಡಿದವರ ಹೊಟ್ಟೆಗೆ ಹೋಗುತ್ತಿದ್ದವು. ವರ್ಷದ ನಂತರ ಅವರ ಕಾಲಿನಿಂದ ಗಜದುದ್ದದ ಹುಳು! ನಮ್ಮ ಭಾಗ ಆಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು, ಚಿಟಗುಪ್ಪ ಪಾಯಗಾ ಜಹಗೀರು. ಆ ಸರ್ಕಾರದಲ್ಲಿ ಬಾವಿ ತೋಡೋದಕ್ಕೇ ಒಂದು ಇಲಾಖೆ ಇತ್ತು. ಇಳಿಯುವ ಬಾವಿ ಬಿಟ್ಟು ಸೇದುವ ಬಾವಿ ಮಾಡೋದು ಆಗಲೇ ಶುರುವಾಗಿತ್ತು. 1980ರ ದಶಕದಲ್ಲಿ ದೇಶದಾದ್ಯಂತ ನಿರ್ಮೂಲನಾ ಕಾರ್ಯಕ್ರಮ ನಡೆಯಿತು, ಕರ್ನಾಟಕವೂ ಅದರಲ್ಲಿತ್ತು. ಕೈಪಂಪು, ಬೋರು ಬಂದವು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ಘೋಷಣೆಯಾಯಿತು. ಬೋರನ್ನು ಬಯ್ಯುವಾಗ ಇದನ್ನೂ ನೆನೆಯಬೇಕು.

ನನ್ನ ತಕರಾರು ಆಮೇಲಿನದ್ದರ ಬಗ್ಗೆ. ಕುಡಿಯೋಕೆ ಅಂತ ಬಂದ ಬೋರು ಕಬ್ಬಿಗೂ ಬಂತು. ದೊಡ್ಡ ನೀರಾವರಿ ಅಂತ ನಮಗೆ ಸಿಕ್ಕಿದ್ದು ಕಾರಂಜಾ ಒಂದೇ. 1970ರ ದಶಕದಲ್ಲಿ ಶುರುವಾದ ಯೋಜನೆ, ಸುಮಾರು 7.69 ಟಿಎಂಸಿ ಅಡಿ ನೀರು ನಿಲ್ಲುವ ಜಲಾಶಯ. ಭೂಮಿ ಕಳಕೊಂಡ ರೈತರು ಹೆಚ್ಚಿನ ಪರಿಹಾರಕ್ಕೆ ಧರಣಿ ಕೂತದ್ದು ದಶಕಗಳ ನಂತರವೂ ಸುದ್ದಿಯಾಗ್ತಿತ್ತು. ಕಾಲುವೆ ತಲುಪದ ಹೊಲದವನು ಏನು ಮಾಡಬೇಕು? ನೆಲ ಕೊರೀಬೇಕು, ಅಷ್ಟೇ.

ಸರ್ಕಾರ ಸುಮ್ಮನೆ ಕೂತಿರಲಿಲ್ಲ, ಹೌದು. 2000ದ ನಂತರ ವಿಶ್ವಬ್ಯಾಂಕಿನ ಸಾಲದಲ್ಲಿ ಜಲ ಸಂವರ್ಧನೆ ಯೋಜನೆ ಬಂತು. ಕೆರೆಯನ್ನು ಊರವರ ಸಂಘಕ್ಕೇ ವಹಿಸುವ ಒಳ್ಳೆಯ ಯೋಚನೆ, ಬೀದರೂ ಅದರಲ್ಲಿತ್ತು. 2011ರಲ್ಲಿ ಅಂತರ್ಜಲ ಕಾಯ್ದೆ. ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಬೋರು ಕೊರೆಯುವ ಹಾಗಿಲ್ಲ. ಕೇಂದ್ರ 2008ರಲ್ಲಿ ಹವಾಮಾನ ಬದಲಾವಣೆಯ ರಾಷ್ಟ್ರೀಯ ಯೋಜನೆ ತಂದ ಮೇಲೆ, 2012ರ ಹೊತ್ತಿಗೆ ಬೆಂಗಳೂರಿನ ಎಂಪ್ರಿ ಸಂಸ್ಥೆ ರಾಜ್ಯದ ಕ್ರಿಯಾ ಯೋಜನೆ ಸಿದ್ಧಮಾಡಿತು. 2014ರಲ್ಲಿ ಕೃಷಿ ಭಾಗ್ಯ, ಒಣ ಬೇಸಾಯದವರಿಗೆ ಕೃಷಿ ಹೊಂಡ. ಅದು ನಡುವೆ ನಿಂತೂ ಹೋಗಿ, 2023ರ ನಂತರ ಮತ್ತೆ ಬಂತು.

ಆದರೆ ಇದೇ ಸರ್ಕಾರ 2008ರಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪೂರ್ತಿ ಫ್ರೀ ಮಾಡಿತ್ತಲ್ಲ! ಒಂದು ಕೈಯಲ್ಲಿ ನೀರೆತ್ತೋದನ್ನು ಪುಕ್ಕಟೆ ಮಾಡಿ, ಮೂರು ವರ್ಷ ಬಿಟ್ಟು ಇನ್ನೊಂದು ಕೈಯಲ್ಲಿ ಎತ್ತಬೇಡಿ ಅಂತ ಕಾಯ್ದೆ. ಯಾವ ಪಕ್ಷ ಬಂದರೂ ಫ್ರೀ ಕರೆಂಟು ಮುಟ್ಟೋ ಧೈರ್ಯ ಮಾಡಲಿಲ್ಲ. ಮುಟ್ಟಿದರೆ ಮೊದಲು ಬಯ್ಯೋರು ನಮ್ಮಪ್ಪನೇ, ಅದೂ ಗೊತ್ತು.

2016ರ ಬೇಸಿಗೆ ನೆನಪಿದೆಯಾ? ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು, ಮೊದಲ ಸಲ 5 ಲಕ್ಷ ಲೀಟರ್. ಲಾತೂರು ನಮಗೆ ನೆರೆಮನೆ. ಅವರಿಗೆ ನೀರು ಕೊಡುವ ಧನೇಗಾಂವ್ ಅಣೆಕಟ್ಟು ಇರೋದು ಮಾಂಜ್ರಾ ನದಿಗೆ, ನಮ್ಮ ಕಾರಂಜಾ ಹೋಗಿ ಸೇರೋದೂ ಅದೇ ಮಾಂಜ್ರಾವನ್ನು. ನಾನಾಗ ಇಂಜಿನಿಯರಿಂಗ್ ಓದ್ತಿದ್ದೆ, ರಜೆಗೆ ಬಂದರೆ ಓಣಿಯಲ್ಲಿ ಟ್ಯಾಂಕರ್ ಮುಂದೆ ಕೊಡಗಳ ಸಾಲು.

ಆ ಬರದ ವರ್ಷಗಳಲ್ಲೇ ಬೀದರಿನಲ್ಲಿ ಒಂದು ಒಳ್ಳೆ ಕೆಲಸ ಆಯಿತು. ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಹಳೇ ಕೆರೆ, ತೆರೆದ ಬಾವಿಗಳ ಹೂಳು ತೆಗೆಸೋಕೆ ನಿಂತರು. ನೂರಕ್ಕೂ ಹೆಚ್ಚು ಕೆರೆ, ನೂರಕ್ಕೂ ಹೆಚ್ಚು ಬಾವಿ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ನೌಬಾದಿನ ಕರೇಜನ್ನು ಕೇರಳದ ಭೂಗೋಳ ಶಾಸ್ತ್ರಜ್ಞ ಗೋವಿಂದನ್‌ಕುಟ್ಟಿ ಕಿಂಡಿ ಕಿಂಡಿ ಇಳಿದು ನಕ್ಷೆ ಮಾಡಿದ್ದರು, ಊರಿನ ಯುವಕರೂ ಕೈ ಜೋಡಿಸಿದ್ದರು. ಅದರ ಹೂಳೂ ಹೊರಬಂತು. ತಿವಾರಿಯವರು 2017ರಲ್ಲಿ ಲಖನೌದಲ್ಲಿ ತೀರಿಕೊಂಡರು. ಇವಕ್ಕೆಲ್ಲ ಹೊಸ ಕಾಯ್ದೆ ಬೇಕಾಗಿರಲಿಲ್ಲ ಅನ್ನೋದು ನನಗೆ ಮುಖ್ಯ ಅನ್ನಿಸುತ್ತದೆ. ಆದರೆ ಒಬ್ಬ ಅಧಿಕಾರಿ ವರ್ಗವಾದ ಮೇಲೆ ಹೂಳು ತೆಗೆಯೋರು ಯಾರು? ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಸಣ್ಣದಾದರೆ ಪಂಚಾಯಿತಿಯದ್ದು, ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಯದ್ದು. ಸುರಂಗಕ್ಕೆ ಇಂಥ ಲೆಕ್ಕವೂ ಇಲ್ಲ. ಮೇಲೆ ಒಬ್ಬರ ಪ್ಲಾಟು, ಕೆಳಗೆ ಎಲ್ಲರ ನೀರು. ಒಂದು ಕಿಂಡಿ ಮುಚ್ಚಿ ಮನೆ ಕಟ್ಟಿದರೂ ಹೂಳೆತ್ತುವ ದಾರಿ ಅಲ್ಲಿಗೆ ಬಂದ್.

ಕರೇಜ್ ಬಾಯಿಯ ಹತ್ತಿರ ಅರ್ಧ ತಾಸು ಕೂತಿದ್ದೆ. ಹೊರಗೆ ರಣಬಿಸಿಲು, ಸುರಂಗದಿಂದ ಮಾತ್ರ ತಣ್ಣಗಿನ ಗಾಳಿ ಬರ್ತಿತ್ತು.

ಮನೆಯಲ್ಲಿ ಅಪ್ಪನ ಜೊತೆ ಎರಡು ರಾತ್ರಿ ವಾದ ಆಯಿತು. ಹೊಂಡ ತೋಡಿಸೋಣ, ಸಬ್ಸಿಡಿಗೆ ಅರ್ಜಿ ಹಾಕೋಣ ಅಂದೆ. "ಹೊಂಡದಾಗ ಮಳಿ ನೀರು ನಿಲ್ತದ, ಮಳಿ ಬರಲಿಲ್ಲಂದ್ರ?" ಅಂದರು. ಮಳೆ ಬರದಿದ್ದರೆ ಬೋರಿನಲ್ಲಿ ಎಲ್ಲಿಂದ ಬರ್ತದೆ ಅಂದೆ. ಸುಮ್ಮನಾದರು, ಒಪ್ಪಲಿಲ್ಲ. ನಿನ್ನೆ ಫೋನು ಬಂದಿತ್ತು. ಹೊಂಡಕ್ಕೆ ಹೊಲದ ತಗ್ಗಿನಲ್ಲಿ ಜಾಗ ಗುರುತು ಮಾಡಿದ್ದಾರಂತೆ. ತೆಂಗಿನಕಾಯಿ ಹಿಡಿದು ನೀರು ನೋಡುವವನನ್ನು ಕರೆಸಿ ಬೋರಿಗೂ ಪಾಯಿಂಟ್ ಹಾಕಿಸಿದ್ದಾರಂತೆ. ರೊಕ್ಕ ಕಳಿಸಿದೀನಿ. ಯಾವುದು ಮೊದಲು ಅಂತ ಇನ್ನೂ ಹೇಳಿಲ್ಲ.