ಎದೆಯುರಿಯೂ ಎಂಡೋಸ್ಕೋಪಿಯೂ: ಕತ್ತಿ ನುಂಗುವವನಿಂದ ಶುರುವಾದ ಕಥೆ

1868, ಜರ್ಮನಿಯ ಫ್ರೈಬರ್ಗ್. ಅಡಾಲ್ಫ್ ಕುಸ್‌ಮೌಲ್ ಅನ್ನೋ ವೈದ್ಯರು ಕತ್ತಿ ನುಂಗುವ ಕಲಾವಿದನೊಬ್ಬನ ಗಂಟಲಿಗೆ ಲೋಹದ ಕೊಳವೆ ಇಳಿಸಿದರು. ಕೊಳವೆ ಹೊಟ್ಟೆ ಮುಟ್ಟಿತು, ಆದ್ರೆ ಬೆಳಕು ಸಾಲದೆ ಹೆಚ್ಚೇನೂ ಕಾಣಲಿಲ್ಲ.

1932ರಲ್ಲಿ ರುಡಾಲ್ಫ್ ಷಿಂಡ್ಲರ್ ಸ್ವಲ್ಪ ಬಾಗುವ ಗ್ಯಾಸ್ಟ್ರೋಸ್ಕೋಪ್ ತಂದರು. 1957ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬೇಸಿಲ್ ಹಿರ್ಶೋವಿಟ್ಜ್, ಗಾಜಿನ ಎಳೆಗಳಿಂದ ಮಾಡಿದ ಚೆನ್ನಾಗಿ ಬಾಗುವ ಎಂಡೋಸ್ಕೋಪನ್ನು ಮೊದಲು ತಾವೇ ನುಂಗಿ ನೋಡಿದರು.

ಇನ್ನು ಎಲ್ಲಾ ಕಾಣುತ್ತೆ ಅಂದುಕೊಂಡರೆ, ಎದೆಯುರಿ ಅಂತ ಬಂದ ಎಷ್ಟೋ ಜನರ ಅನ್ನನಾಳದಲ್ಲಿ ಗಾಯವೇ ಇಲ್ಲ! ಹಾಗಂತ ಉರಿ ಸುಳ್ಳಲ್ಲ. 2006ರ ಮಾಂಟ್ರಿಯಲ್ ವ್ಯಾಖ್ಯಾನ ಇದನ್ನೇ ಒಪ್ಪಿತು: ಕಾಡುವ ಲಕ್ಷಣಗಳಿಂದಲೇ ಆಸಿಡ್ ರಿಫ್ಲಕ್ಸ್ ಕಾಯಿಲೆ ಗುರುತಿಸಬಹುದು.

ಹಾಗಾಗಿ ಬರೀ ಎದೆಯುರಿಗೆ ಡಾಕ್ಟರು ಮೊದಲು ಮಾತ್ರೆ ಕೊಟ್ಟು ನೋಡೋದು ಅಸಡ್ಡೆಯಲ್ಲ. ಆದರೆ ನುಂಗೋಕೆ ಕಷ್ಟ, ಕಾರಣವಿಲ್ಲದೆ ತೂಕ ಇಳಿಯೋದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ ಇದ್ದರೆ ‘ಗ್ಯಾಸ್ ಅಷ್ಟೇ’ ಅಂತ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ತಿಂಗಳು ದೂಡಬೇಡಿ, ಡಾಕ್ಟರ ಹತ್ರ ಹೋಗಿ. ಕ್ಯಾನ್ಸರ್ ಇದ್ದರೆ ಬೇಗ ಸಿಗಬೇಕಲ್ಲ, ಎಂಡೋಸ್ಕೋಪಿ ಬೇಕಾಗೋದು ಅದಕ್ಕೇ.