ಬೀಸುಕಲ್ಲೂ ಇತಿಹಾಸವೇ

ಇತಿಹಾಸವೆಂದರೆ ನಮ್ಮ ಮಕ್ಕಳಿಗೆ ನೆನಪಾಗುವುದು ಉದಗೀರದ ಕೋಟೆ ಮತ್ತು 1760ರ ಕಾಳಗ. ಆದರೆ ಮನೆಯ ಬೀಸುಕಲ್ಲು, ಪಂಪಿನ ಸ್ಟೌ, ಹಳೆಯ ರೇಡಿಯೋ ಕೂಡ ಇತಿಹಾಸವೇ.

ಪುಣೆಯ ದಿನಕರ ಕೇಳಕರರು 1920ರ ಸುಮಾರಿಗೆ ದೀಪ, ಪಾತ್ರೆ, ಅಡಕತ್ತರಿಗಳನ್ನು ಕೂಡಿಸತೊಡಗಿದರು. ತೀರಿಕೊಂಡ ಮಗ ರಾಜಾನ ಹೆಸರಿಟ್ಟ ಆ ಸಂಗ್ರಹವನ್ನು ಮುಂದೆ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಇಂದು ಅದು ಎಲ್ಲರೂ ನೋಡಬಹುದಾದ ವಸ್ತುಸಂಗ್ರಹಾಲಯ.

ನಮ್ಮ ಭಾಗದ ಕಥೆ ಬೇರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾಯಿತು. ಉಮರ್ಗಾ, ಔಸಾ, ನಿಲಂಗಾ ಸುತ್ತಿನ ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸಾವಿರಾರು ಜನ ಸತ್ತರು. ಉಳಿದವರಲ್ಲಿ ಅನೇಕರು ಬೇರೆ ಜಾಗದಲ್ಲಿ ಕಟ್ಟಿದ ಹೊಸ ಊರುಗಳಿಗೆ ಹೋದರು. ತಲೆಮಾರುಗಳ ಸಾಮಾನು ಎಷ್ಟೋ ಮಣ್ಣುಪಾಲಾಯಿತು.

ಉಳಿದದ್ದನ್ನು ಗಿರಣಿ, ಮಿಕ್ಸರ್‌ಗಳು ಮೂಲೆಗೆ ಸರಿಸಿದವು. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಬದಲಾದರೂ ಕನ್ನಡದ ಮನೆಗಳಲ್ಲಿ 'ಜಾತೆ' ಬೀಸುಕಲ್ಲಾಗಿಯೇ, 'ಸೂಪ' ಮೊರವಾಗಿಯೇ ಉಳಿಯಿತು. ವಸ್ತು ಕಣ್ಮರೆಯಾದರೆ ಆ ಹೆಸರನ್ನು ಕರೆಯಲು ಕಾರಣವೇ ಇರುವುದಿಲ್ಲ.

ಆದ್ದರಿಂದ ಶಾಲೆಯ ಒಂದು ಮೂಲೆಯಲ್ಲಿ ಹಳೆಯ ಸಾಮಾನುಗಳನ್ನು ಇಡೋಣ. ಪ್ರತಿಯೊಂದಕ್ಕೂ ಅಜ್ಜಿ ಹೇಳಿದ ಹೆಸರು, ಬಳಸುವ ರೀತಿ, ಮನೆಗೆ ಬಂದ ವರ್ಷ ಬರೆದಿಡೋಣ. ಗುಜರಿಯವನು ತೂಕಕ್ಕೆ ಕೊಳ್ಳುವ ಮೊದಲೇ ಈ ಕೆಲಸ ಆಗಬೇಕು.